ಪಾಲು ಕೇಳಿದ ಸಹೋದರ: ಲೂಕನ ಸುವಾರ್ತೆಯಲ್ಲಿ ಆಸ್ತಿ, ದಾಯ ಮತ್ತು ಬಾಧ್ಯತೆ

ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಅಡ್ಡಮಾತು ಬರುತ್ತದೆ. ಒಬ್ಬರನ್ನೊಬ್ಬರು ತುಳಿಯುವಷ್ಟು ಜನ ಕಿಕ್ಕಿರಿದಿದ್ದಾರೆ. ಹಿಂಸೆಯ ಕಾಲದಲ್ಲಿ ಅಧಿಕಾರಿಗಳ ಎದುರು ನಿಲ್ಲಬೇಕಾಗಿ ಬಂದರೆ ಏನು ನುಡಿಯಬೇಕೆಂದು ಚಿಂತಿಸಬಾರದೆಂದು ಯೇಸು ಶಿಷ್ಯರಿಗೆ ತಿಳಿಸುತ್ತಿದ್ದಾನೆ. ಪ್ರಾಣಕ್ಕೆ ಸಂಬಂಧಿಸಿದ ಇಂಥ ಮಾತಿನ ನಡುವೆ ಗುಂಪಿನಲ್ಲಿದ್ದ ಒಬ್ಬ ಮನುಷ್ಯ, ತನ್ನ ಸಹೋದರನಿಗೆ ಹೇಳಿ ತಂದೆಯ ಆಸ್ತಿಯಲ್ಲಿ ತನಗೆ ಪಾಲು ಕೊಡಿಸಬೇಕೆಂದು ಕೇಳುತ್ತಾನೆ. ಯೇಸು ಒಪ್ಪುವುದಿಲ್ಲ. ತನ್ನನ್ನು ನ್ಯಾಯಾಧಿಪತಿಯನ್ನಾಗಿಯೋ ಪಾಲು ಮಾಡುವವನನ್ನಾಗಿಯೋ ನೇಮಿಸಿದವರು ಯಾರೆಂದು ಮರುಪ್ರಶ್ನೆ ಹಾಕಿ, ಲೋಭದ ಬಗ್ಗೆ ಎಚ್ಚರಿಸಿ, ಬಳಿಕ ಒಬ್ಬ ಐಶ್ವರ್ಯವಂತನ ಸಾಮ್ಯವನ್ನು ಹೇಳುತ್ತಾನೆ. ಹೊಲ ಸಮೃದ್ಧವಾಗಿ ಬೆಳೆದಾಗ ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಲು ನಿಶ್ಚಯಿಸಿದವನು ಅದೇ ರಾತ್ರಿ ಪ್ರಾಣ ಕಳೆದುಕೊಳ್ಳುವ ಕಥೆ ಅದು.

ಈ ಭಾಗವನ್ನು ಲೋಭದ ಖಂಡನೆಯೆಂದು ಓದುವುದು ವಾಡಿಕೆ. ಪ್ರವಚನ ಪರಂಪರೆಯಲ್ಲಿ ಪಾಲು ಕೇಳಿದವನು ಮೊದಲ ಲೋಭಿ, ಕಣಜ ಕಟ್ಟಿಸಿದವನು ಎರಡನೆಯ ಲೋಭಿ. ಈ ಓದು ತಪ್ಪೆನ್ನಲಾಗದು. ಆದರೆ ಅದು ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಆ ಮನುಷ್ಯನ ಬೇಡಿಕೆ ಅನ್ಯಾಯದ್ದೆಂದು ಪಠ್ಯ ಎಲ್ಲಿಯೂ ಹೇಳುವುದಿಲ್ಲ. ಇನ್ನೊಬ್ಬ ಸಹೋದರ ಪಾಲನ್ನು ತಡೆಹಿಡಿದಿದ್ದರೆ ಲೋಭಿ ಅವನೇ ಆಗಿರಬೇಕು, ಮತ್ತು ಎಚ್ಚರಿಕೆ ಬಹುವಚನದಲ್ಲಿ, ಕೇಳುತ್ತಿರುವ ಎಲ್ಲರಿಗೂ ಹೇಳಿದ್ದು. ಪಾಲು ಸಿಗದವನೇ ಲೋಭಿಯೆನ್ನುವ ವ್ಯಾಖ್ಯಾನದಿಂದ ಪಾಲು ಕೊಡದವನಿಗೆ ಅನುಕೂಲವಾಗುತ್ತದೆ. ಆಸ್ತಿಗಿಂತ ಆತ್ಮ ದೊಡ್ಡದೆಂಬ ಮಾತು ಆಸ್ತಿಯನ್ನು ಹಿಡಿದು ಕುಳಿತವನ ಬಾಯಲ್ಲಿ ಬಂದಾಗ ಅದರ ಅರ್ಥ ಬೇರೆಯಾಗುತ್ತದೆ. ಈ ವಿವೇಚನೆಯಿಲ್ಲದೆ ಕ್ರೈಸ್ತ ಚಿಂತನೆಯಲ್ಲಿ ಆಸ್ತಿಯ ಸ್ಥಾನವನ್ನು ಕುರಿತ ಚರ್ಚೆ ಮುಂದೆ ಹೋಗುವಂತಿಲ್ಲ.

ಯೇಸುವಿನ ಮರುಪ್ರಶ್ನೆ ಹೊಸದಲ್ಲ. ವಿಮೋಚನಕಾಂಡದಲ್ಲಿ ಜಗಳವಾಡುತ್ತಿದ್ದ ಇಬ್ಬರು ಇಬ್ರಿಯರ ನಡುವೆ ಪ್ರವೇಶಿಸಿದ ಮೋಶೆಗೆ ಅವರಲ್ಲೊಬ್ಬ ಇದೇ ಧಾಟಿಯ ಪ್ರಶ್ನೆ ಹಾಕುತ್ತಾನೆ. ಲೂಕನೇ ಬರೆದ ಅಪೊಸ್ತಲರ ಕೃತ್ಯಗಳಲ್ಲಿ ಸ್ತೆಫನನ ಭಾಷಣದೊಳಗೆ ಆ ಪ್ರಸಂಗ ಮತ್ತೆ ನೆನಪಾಗುತ್ತದೆ. ಆದ್ದರಿಂದ ಹೋಲಿಕೆ ಆಕಸ್ಮಿಕವಲ್ಲ. ಇಸ್ರಾಯೇಲಿನ ನೆನಪಿನಲ್ಲಿ ಮೋಶೆ ಪಾಲು ಮಾಡಿದವನು. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ತಂದೆಯ ಸ್ವಾಸ್ತ್ಯವನ್ನು ಕೇಳಿದಾಗ ಮೋಶೆ ಅವರ ಮೊರೆಯನ್ನು ದೇವರ ಮುಂದಿಟ್ಟನು, ಅವರ ಮಾತು ನ್ಯಾಯವಾದುದೆಂಬ ಉತ್ತರವೂ ಬಂದಿತು. ಆ ಹಕ್ಕಿಗೆ ಸ್ವಗೋತ್ರದಲ್ಲೇ ವಿವಾಹವಾಗಬೇಕೆಂಬ ಕಟ್ಟು ಅರಣ್ಯಕಾಂಡದ ಕೊನೆಯಲ್ಲಿ ಬಿದ್ದಿತು ಎಂಬುದೂ ನಿಜ. ಹೀಗೆ ಪಾಲು ಕೇಳುವುದು ಆ ಪರಂಪರೆಯಲ್ಲಿ ಪಾಪವಾಗಿರಲಿಲ್ಲ. ನಾಬೋತನಂತೆ ಪಿತೃಗಳ ದ್ರಾಕ್ಷೆಯ ತೋಟವನ್ನು ಅರಸನಿಗೂ ಬಿಟ್ಟುಕೊಡದಿರುವುದು ಧರ್ಮವೇ ಆಗಿತ್ತು. ಯೇಸು ಮೋಶೆಯ ಪೀಠದಲ್ಲಿ ಕೂರಲು ನಿರಾಕರಿಸುತ್ತಾನೆಂದರೆ ಪೀಠವೇ ಬೇಡವೆಂದು ಅರ್ಥವಲ್ಲ. ಬೇರೆಯವರು ಮಾಡಬಹುದಾದ, ಮಾಡಬೇಕಾದ ಕೆಲಸವನ್ನು ಅವರಿಗೇ ಬಿಟ್ಟು, ಅವರ ಕೈಗೆ ಸಿಗದ ಪ್ರಶ್ನೆಯೊಂದನ್ನು ಆತ ಎತ್ತಿಕೊಳ್ಳುತ್ತಾನೆ.

ಆ ಪ್ರಶ್ನೆ ಸಾಮ್ಯದ ಕೊನೆಯಲ್ಲಿದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ತೋಮನ ಸುವಾರ್ತೆಯೂ ಇತ್ತು. ಪಾಲು ಕೇಳಿದವನ ಪ್ರಸಂಗ ಅದರಲ್ಲಿ 72ನೆಯ ವಚನ, ಧನಿಕನ ಕಥೆ 63ನೆಯ ವಚನ. ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಲೂಕನಲ್ಲಿ ಮಾತ್ರ ಅವು ಪ್ರಶ್ನೆ ಮತ್ತು ಉತ್ತರವಾಗಿ ಜೊತೆಗೂಡಿವೆ. ಈ ಜೋಡಣೆಯ ಫಲವಾಗಿ, ದೇವರು ಧನಿಕನಿಗೆ ಹೇಳುವ ಕೊನೆಯ ಮಾತು ವಿಶೇಷ ಅರ್ಥ ಪಡೆಯುತ್ತದೆ. ನೀನು ಸಿದ್ಧಮಾಡಿಟ್ಟಿದ್ದೆಲ್ಲ ಯಾರದಾಗುವುದು ಎಂಬ ಪ್ರಶ್ನೆ ಮೂಲತಃ ದಾಯದ ಪ್ರಶ್ನೆ. ತೋಮನ ಪಠ್ಯದಲ್ಲಿ ಅದು ಇಲ್ಲವೇ ಇಲ್ಲ. ಗುಂಪಿನ ಮನುಷ್ಯ ಬಾಧ್ಯಸ್ಥನ ಸ್ಥಾನದಲ್ಲಿ ನಿಂತು ಕೇಳಿದ್ದನ್ನು ಸಾಮ್ಯವು ಸತ್ತವನ ಸ್ಥಾನದಲ್ಲಿ ನಿಂತು ಕೇಳುತ್ತದೆ. ಈಗ ಇಬ್ಬರು ಸಹೋದರರು ಜಗ್ಗಾಡುತ್ತಿರುವ ಆಸ್ತಿಯನ್ನು ಒಂದು ಕಾಲಕ್ಕೆ ಯಾರೋ ಒಬ್ಬ ತಂದೆ ಹೀಗೆಯೇ ಕೂಡಿಟ್ಟಿದ್ದಿರಬೇಕು. ಪ್ರಸಂಗಿಯ ಗ್ರಂಥದಲ್ಲಿಯೂ ಸಿರಾಖನಲ್ಲಿಯೂ ದುಡಿದು ಗಳಿಸಿದ್ದನ್ನು ಬೇರೊಬ್ಬನಿಗೆ ಬಿಟ್ಟುಹೋಗುವ ವ್ಯಥೆಯಿದೆ. ಆದರೆ ಅಲ್ಲಿ ವ್ಯಥೆ ಗಳಿಸಿದವನದು; ಇಲ್ಲಿ ಕೇಳುವವನು ದೇವರು. ಸುವಾರ್ತೆಯ ಸಾಮ್ಯಗಳಲ್ಲಿ ದೇವರು ಯಾವ ರೂಪಕದ ಮರೆಯೂ ಇಲ್ಲದೆ ತಾನೇ ಪಾತ್ರವಾಗಿ ಮಾತಾಡುವುದು ಇದೊಂದರಲ್ಲಿ ಮಾತ್ರ.

ಧನಿಕನ ಸ್ವಗತವನ್ನು ಗಮನಿಸಬೇಕು. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಪ್ರಾಣ ಎಂದು ಕೆಲವೇ ವಾಕ್ಯಗಳಲ್ಲಿ ಉತ್ತಮ ಪುರುಷ ಮತ್ತೆ ಮತ್ತೆ ಬರುತ್ತದೆ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಸಹೋದರರಿಲ್ಲ. ಅಷ್ಟು ಬೆಳೆಯನ್ನು ಕೊಯ್ದ ಆಳುಗಳೂ ಕಥೆಯಲ್ಲಿ ಕಾಣುವುದಿಲ್ಲ. ಬೆಳೆ ಕೊಟ್ಟದ್ದು ಭೂಮಿ ಎಂದು ಕಥನದ ಮೊದಲ ವಾಕ್ಯವೇ ಹೇಳಿದ್ದರೂ ಅವನಿಗೆ ಅದು ನೆನಪಿಲ್ಲ. ಮಾತಾಡಲು ಬೇರೆ ಯಾರೂ ಇಲ್ಲದೆ ಅವನು ತನ್ನ ಪ್ರಾಣದೊಡನೆಯೇ ಮಾತಾಡುತ್ತಾನೆ, ಆ ಪ್ರಾಣವೇ ರಾತ್ರಿ ಹಿಂದಕ್ಕೆ ಕೇಳಲ್ಪಡುತ್ತದೆ. ಇಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ ಕೊಟ್ಟ ಸಾಲವನ್ನು ಮರಳಿ ಕೇಳುವುದಕ್ಕೂ ಸಲ್ಲುವಂಥದು. ಹಾಗಾಗಿ ಅವನನ್ನು ದಡ್ಡನೆಂದು ಕರೆದಿರುವುದು ಶ್ರೀಮಂತನಾದುದಕ್ಕಲ್ಲ, ಬೆಳೆ ಕೂಡಿಟ್ಟದ್ದಕ್ಕೂ ಅಲ್ಲ. ಕಡವಾಗಿ ಬಂದದ್ದನ್ನು ಸ್ವಂತದ್ದೆಂದು ಲೆಕ್ಕ ಬರೆದುಕೊಂಡದ್ದು ಅವನ ದಡ್ಡತನ.

ಲೂಕನಲ್ಲಿ ಸಂಪತ್ತಿನ ಕಥೆಗಳು ಬಹುಮಟ್ಟಿಗೆ ಒಡಹುಟ್ಟಿದವರ ಕಥೆಗಳೂ ಆಗಿರುವುದು ವ್ಯಾಖ್ಯಾನಕಾರರ ಗಮನವನ್ನು ಇನ್ನಷ್ಟು ಸೆಳೆಯಬೇಕಿತ್ತು. ಹನ್ನೆರಡನೆಯ ಅಧ್ಯಾಯದಲ್ಲಿ ಪಾಲಿಗಾಗಿ ಸೆಣಸುವ ಸಹೋದರರು. ಹದಿನೈದರಲ್ಲಿ ಪಾಲು ಪಡೆದು ಹಾಳುಮಾಡಿದ ಕಿರಿಯ ಮಗ ಮತ್ತು ಮನೆಯಲ್ಲೇ ಉಳಿದ ಹಿರಿಯ ಮಗ. ಹದಿನಾರರಲ್ಲಿ ಬಾಗಿಲ ಬಳಿ ಬಿದ್ದಿದ್ದ ಲಾಜರನನ್ನು ಕಾಣದೆ ಸತ್ತ ಧನಿಕನಿಗೆ ಮನೆಯಲ್ಲಿ ಇನ್ನೂ ಐವರು ಸಹೋದರರು. ಈ ಮೂರೂ ಬೇರೆ ಮೂರು ಸುವಾರ್ತೆಗಳಲ್ಲಿ ಇಲ್ಲ. ಲಾಜರನ ಕಥೆಯ ಧನಿಕ ಪಾತಾಳದಲ್ಲಿದ್ದಾಗಲೂ ತನ್ನ ಐವರಿಗಾಗಿ ಮರುಗುತ್ತಾನೆ. ಬಾಗಿಲಲ್ಲಿದ್ದವನನ್ನು ಆರನೆಯವನೆಂದು ಎಣಿಸಲು ಅವನಿಂದ ಆಗಲಿಲ್ಲ.

ಕನ್ನಡದ ಓದುಗನಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಾಯ ಎಂಬ ಮಾತಿನಿಂದಲೇ ದಾಯಾದಿ ಹುಟ್ಟಿದೆ. ಪಾಲಿಗೆ ಹಕ್ಕುಳ್ಳವನೇ ವೈರಿಯೂ ಆಗುವುದನ್ನು ದಾಯಾದಿ ಮತ್ಸರವೆಂಬ ಒಂದು ನುಡಿಗಟ್ಟು ಹೇಳಿ ಮುಗಿಸುತ್ತದೆ. ಹಾಗೆಯೇ, ಹದಿನೈದನೆಯ ಅಧ್ಯಾಯದ ತಂದೆ ಮಕ್ಕಳಿಗೆ ಹಂಚಿಕೊಟ್ಟದ್ದನ್ನು ಗ್ರೀಕ್ ಮೂಲ 'ಬಿಯೋಸ್' ಎನ್ನುತ್ತದೆ. ಜೀವನ, ಜೀವನೋಪಾಯ ಎರಡಕ್ಕೂ ಅದೇ ಪದ. ಕನ್ನಡದ 'ಬದುಕು' ಕೂಡ ಬಾಳನ್ನೂ ಆಸ್ತಿಪಾಸ್ತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಕನ್ನಡ ಬೈಬಲಿನಲ್ಲಿ ಇಬ್ರಿಯರ ಪಿತ್ರಾರ್ಜಿತ ಭೂಮಿಗೆ 'ಸ್ವಾಸ್ತ್ಯ' ಎಂಬ ಪದ ನೆಲೆನಿಂತಿದೆ. ಪೌಲನ ಪತ್ರಗಳಲ್ಲಿ ವಿಶ್ವಾಸಿಗಳು ದೇವರ 'ಬಾಧ್ಯರು'. ಈ ಎರಡನೆಯ ಪದ ಹೆಚ್ಚು ಕುತೂಹಲಕರ. ಪತ್ರವ್ಯವಹಾರದ ಕನ್ನಡದಲ್ಲಿ ಹಕ್ಕುಬಾಧ್ಯತೆ ಎಂಬುದು ಜೋಡಿಪದ. ಇಂದಿನ ಬಳಕೆಯಲ್ಲಿ ಬಾಧ್ಯತೆಯೆಂದರೆ ಹೊಣೆ, ತೀರಿಸಬೇಕಾದ ಋಣ. ಬಾಧ್ಯನು ಪಡೆಯುವವನೂ ಹೌದು, ಉತ್ತರ ಹೇಳಬೇಕಾದವನೂ ಹೌದು. ಗ್ರೀಕ್ ಪದಕ್ಕೆ ಈ ಎರಡನೆಯ ಅರ್ಥ ಇಲ್ಲ. ಆದರೆ ಹೆಚ್ಚು ಕೊಟ್ಟವನಿಂದ ಹೆಚ್ಚು ನಿರೀಕ್ಷಿಸಲಾಗುವುದೆಂಬ ಅರ್ಥದಲ್ಲಿ ಮುಗಿಯುವ ಮನೆವಾರ್ತೆಯವನ ಮಾತು ಇದೇ ಹನ್ನೆರಡನೆಯ ಅಧ್ಯಾಯದಲ್ಲಿ ಮುಂದೆ ಬರುವುದರಿಂದ, ಲೂಕನ ಒಟ್ಟು ಅಭಿಪ್ರಾಯಕ್ಕೆ ಕನ್ನಡದ ಪದ ಮೂಲಕ್ಕಿಂತ ಹತ್ತಿರದಲ್ಲಿದೆ ಎನ್ನಬಹುದು. ಅನುವಾದವೆಂದರೆ ನಷ್ಟವೆಂಬ ಸಾಮಾನ್ಯ ಗ್ರಹಿಕೆಗೆ ಇದೊಂದು ಅಪವಾದ.

ಕರ್ನಾಟಕದ ಓದುಗನ ಹಿಂದೆ ಇನ್ನೊಂದು ಪಠ್ಯವೂ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ವ್ಯಾಖ್ಯಾನದ ಪ್ರಕಾರ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆಯ ಸಾವಿಗಾಗಿ ಕಾಯಬೇಕಿಲ್ಲ. ಈ ಹಿನ್ನೆಲೆಯಲ್ಲಿ, ತಂದೆ ಬದುಕಿರುವಾಗಲೇ ಪಾಲು ಕೇಳಿದ ಕಿರಿಯ ಮಗನ ವರ್ತನೆ ಕೆಲವು ಪಾಶ್ಚಾತ್ಯ ವ್ಯಾಖ್ಯಾನಕಾರರಿಗೆ ಕಾಣುವಷ್ಟು ಘೋರವಾಗಿ, ತಂದೆಯ ಮರಣವನ್ನೇ ಬಯಸಿದಂತೆ, ಇಲ್ಲಿ ಕಾಣಬೇಕಾದುದಿಲ್ಲ. ಇಲ್ಲಿ ಮುಜುಗರ ಹುಟ್ಟಿಸುವವನು ಹಿರಿಯ ಮಗ. ಧರ್ಮೋಪದೇಶಕಾಂಡದ ಕಟ್ಟಳೆಯಂತೆ ಚೊಚ್ಚಲ ಮಗನಿಗೆ ಎರಡು ಪಾಲು. ಹಾಗಾದರೆ ಕಿರಿಯನು ಹೊರಟಾಗ ಉಳಿದದ್ದೆಲ್ಲ ಹಿರಿಯನಿಗೆ ಸೇರತಕ್ಕದ್ದೇ. ತನ್ನದೆಲ್ಲ ನಿನ್ನದೇ ಎಂದು ತಂದೆಯೂ ಹೇಳುತ್ತಾನೆ. ಆದರೂ ಒಂದು ಆಡುಮರಿಯ ಲೆಕ್ಕ ಅವನ ನಾಲಗೆಯ ಮೇಲಿದೆ. ಹಕ್ಕು ಪೂರ್ತಿ ಇದ್ದೂ ಅವನು ಕೂಲಿಯಾಳಿನಂತೆ ಮಾತಾಡುತ್ತಾನೆ. (ಚೊಚ್ಚಲ ಮಗನ ವಿಶೇಷ ಭಾಗ ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ಒಪ್ಪಿಗೆಯಾಗದ ಕಾರಣ ಅದನ್ನು ಆಚರಿಸಬಾರದೆಂದು ವಿಜ್ಞಾನೇಶ್ವರ ತೀರ್ಮಾನಿಸಿದ್ದಾನೆ. ಶಾಸ್ತ್ರಕಾರನೊಬ್ಬ ಲೋಕದ ನ್ಯಾಯಬುದ್ಧಿಗೆ ತಲೆಬಾಗಿದ ಈ ಪ್ರಸಂಗ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ.)

ಪಾಲು ಕೇಳುವವನನ್ನು ಸುಮ್ಮನಿರಿಸುವುದು ಲೂಕನ ಉದ್ದೇಶವಾಗಿರಲಿಲ್ಲ ಎಂಬುದಕ್ಕೆ ಬಲವಾದ ಸಾಕ್ಷಿ ಹದಿನೆಂಟನೆಯ ಅಧ್ಯಾಯದಲ್ಲಿದೆ. ಅಲ್ಲಿ ಒಬ್ಬ ವಿಧವೆ, ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋಗಿ ಎದುರಾಳಿಯಿಂದ ತನಗೆ ನ್ಯಾಯ ಕೊಡಿಸಬೇಕೆಂದು ಪೀಡಿಸುತ್ತಾಳೆ, ಗೆಲ್ಲುತ್ತಾಳೆ. ಯೇಸು ಅವಳನ್ನು ಪ್ರಾರ್ಥನೆಗೆ ಮಾದರಿಯಾಗಿ ಎತ್ತಿ ತೋರಿಸುತ್ತಾನೆ. ಸಹೋದರನಿಗೆ ಸಿಕ್ಕ ನಿರಾಕರಣೆ ವಿಧವೆಗೆ ಸಿಗುವುದಿಲ್ಲ. ಹನ್ನೆರಡನೆಯ ಅಧ್ಯಾಯವನ್ನು ಹದಿನೆಂಟನೆಯದರಿಂದ ಬೇರ್ಪಡಿಸಿ ಓದಿದ ಕಾರಣದಿಂದಲೇ ಸಹನೆಯೊಂದೇ ಕ್ರೈಸ್ತ ಗುಣವೆಂಬ ಬೋಧೆಗೆ ಅವಕಾಶವಾಯಿತು. ಅಪೊಸ್ತಲರ ಕೃತ್ಯಗಳಲ್ಲಿ ಅನನೀಯ ಮತ್ತು ಸಫೈರರ ಪ್ರಸಂಗವನ್ನೂ ಇಲ್ಲಿ ಸೇರಿಸಬಹುದು. ಹೊಲ ಮಾರುವ ಮೊದಲು ಅದು ಅವರದೇ ಆಗಿತ್ತು, ಮಾರಿದ ಮೇಲೆ ಹಣವೂ ಅವರ ಅಧೀನದಲ್ಲೇ ಇತ್ತು ಎಂದು ಪೇತ್ರ ಸ್ಪಷ್ಟಪಡಿಸುತ್ತಾನೆ. ಸ್ವಂತ ಆಸ್ತಿಯನ್ನು ಅಲ್ಲಗಳೆಯುವ ಮಾತು ಅಲ್ಲಿಯೂ ಇಲ್ಲ. ಶಿಕ್ಷೆ ಸುಳ್ಳು ಲೆಕ್ಕಕ್ಕೆ.

ಇವೆಲ್ಲ ಕೇವಲ ಪಠ್ಯದ ಪ್ರಶ್ನೆಗಳಾಗಿ ಉಳಿಯಲಿಲ್ಲ. ಕನ್ನಡ ಬೈಬಲ್ ರೂಪುಗೊಂಡ ಊರಿನಲ್ಲೇ ಅವು ವ್ಯಾಜ್ಯದ ಕಾಗದಗಳಾದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಅನುವಾದ ಕಾರ್ಯವನ್ನು ನಡೆಸಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯಿತು. ಅದೇ ಬಳ್ಳಾರಿಯಲ್ಲಿ, ಅಸ್ಪೃಶ್ಯವೆನಿಸಿದ್ದ ಸಮುದಾಯದ ಮೂಲದ ಮ್ಯಾಥ್ಯೂ ಅಬ್ರಹಾಂ ಮತ್ತು ಫ್ರಾನ್ಸಿಸ್ ಅಬ್ರಹಾಂ ಎಂಬ ಕ್ರೈಸ್ತ ಸಹೋದರರು ಸಾರಾಯಿ ಭಟ್ಟಿಯ ಉದ್ಯಮದಿಂದ ಶ್ರೀಮಂತರಾದರು. ಇಬ್ಬರೂ ಯುರೇಷಿಯನ್ ಸ್ತ್ರೀಯರನ್ನು ವಿವಾಹವಾಗಿದ್ದರು. ಅಣ್ಣ ಮ್ಯಾಥ್ಯೂ 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡನು. ಸಾಮ್ಯದ ಕೊನೆಯ ಪ್ರಶ್ನೆ ಆಗ ಅಕ್ಷರಶಃ ಎದ್ದು ನಿಂತಿತು. ಒಂದು ಕಡೆ ಅವನ ವಿಧವೆ ಷಾರ್ಲಟ್ ಮತ್ತು ಮಕ್ಕಳು, ಇನ್ನೊಂದು ಕಡೆ ತಮ್ಮ ಫ್ರಾನ್ಸಿಸ್. ತಮ್ಮದು ಅವಿಭಕ್ತ ಕುಟುಂಬ, ಆದ್ದರಿಂದ ಹಿಂದೂ ನ್ಯಾಯದಂತೆ ತಾನು ಸಹಭಾಗಿ ಎಂಬುದು ಫ್ರಾನ್ಸಿಸನ ವಾದ. ಕ್ರೈಸ್ತರಾಗಿ, ಯುರೇಷಿಯನ್ನರ ರೀತಿನೀತಿಗಳಂತೆ ಬಾಳಿದ ಕುಟುಂಬಕ್ಕೆ ಆ ನ್ಯಾಯ ಸಲ್ಲದೆಂಬುದು ಷಾರ್ಲಟಳ ನಿಲುವು. ಬಳ್ಳಾರಿಯಿಂದ ಮದರಾಸಿಗೂ ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋದ ವ್ಯಾಜ್ಯ 1863ರಲ್ಲಿ, ಮ್ಯಾಥ್ಯೂ ಸತ್ತ ಇಪ್ಪತ್ತೊಂದು ವರ್ಷಗಳ ಮೇಲೆ, ಇತ್ಯರ್ಥವಾಯಿತು. ಕಲ್ಯಾಣದಲ್ಲಿ ರಚಿತವಾದ ಶಾಸ್ತ್ರದ ಪರಂಪರೆಗೆ ಸೇರಿದ ಸಹಭಾಗಿತ್ವವನ್ನು ಕ್ರೈಸ್ತ ಸಹೋದರನೊಬ್ಬ ತನ್ನ ಆಸರೆಯೆಂದು ಹಿಡಿದದ್ದು, ಅವನ ಎದುರಿಗೆ ಲೂಕನ ಕಥೆಯ ವಿಧವೆಯ ಹಾಗೆ ಒಬ್ಬಳು ನಿಂತದ್ದು, ಇತಿಹಾಸದ ಒಂದು ವಿಲಕ್ಷಣ ಕೂಡುವಿಕೆ.

ಮತಾಂತರ ಹೊಂದಿದವನ ಮೇಲೆ ಹಿಂದೂ ನ್ಯಾಯಕ್ಕೆ ಕಡ್ಡಾಯದ ಅಧಿಕಾರ ಉಳಿಯುವುದಿಲ್ಲ, ಆದರೆ ಹಳೆಯ ಧರ್ಮವನ್ನು ಬಿಟ್ಟವನು ಹಳೆಯ ನ್ಯಾಯವನ್ನೂ ಬಿಡಬಹುದು ಅಥವಾ ಇಟ್ಟುಕೊಳ್ಳಬಹುದು, ಯಾವುದನ್ನು ಆರಿಸಿಕೊಂಡನೆಂಬುದನ್ನು ಅವನ ನಡೆವಳಿಕೆಯಿಂದ ತಿಳಿಯಬೇಕು ಎಂಬುದು ಪ್ರಿವಿ ಕೌನ್ಸಿಲಿನ ನಿರ್ಣಯದ ಸಾರ. ಫ್ರಾನ್ಸಿಸನ ಸಹಭಾಗಿತ್ವದ ವಾದ ನಿಲ್ಲಲಿಲ್ಲ. ನಡೆವಳಿಕೆಯೆಂದರೆ ಇಲ್ಲಿ ವಿವಾಹ, ಉಡುಪು, ಒಡನಾಟ, ದಿನನಿತ್ಯದ ರೀತಿ. ಒಬ್ಬನ ವಿಶ್ವಾಸವೇನೆಂಬುದು ಆಸ್ತಿಯ ವ್ಯಾಜ್ಯದಲ್ಲಿ ಸಾಕ್ಷ್ಯದ ವಸ್ತುವಾಯಿತು. ಈ ಕುಟುಂಬವನ್ನು ಕುರಿತು ಚಂದ್ರ ಮಲ್ಲಂಪಲ್ಲಿ 2011ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಧ್ಯಯನ ತೋರಿಸುವಂತೆ, ಜಾತಿ ಮತ್ತು ವರ್ಣದ ಗೆರೆಗಳನ್ನು ದಾಟಿ ಬಾಳಿದ್ದವರು ನ್ಯಾಯಾಲಯದ ಬಾಗಿಲಲ್ಲಿ ಮತ್ತೆ ಅವೇ ಗೆರೆಗಳಿಗೆ ಉತ್ತರ ಕೊಡಬೇಕಾಯಿತು. ಲೂಕನ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ತಿರುವು ಇದೆ. ಸುವಾರ್ತೆಯಲ್ಲಿ ಆಸ್ತಿಯನ್ನು ಹೇಗೆ ಬಳಸಿದನೆಂಬುದರಿಂದ ಮನುಷ್ಯನ ವಿಶ್ವಾಸ ತಿಳಿಯುತ್ತದೆ. ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು ಮುಂದಾದ ಜಕ್ಕಾಯನಲ್ಲಿ ಅದು ಕಾಣುತ್ತದೆ. ನ್ಯಾಯಾಲಯದಲ್ಲಾದರೋ ಅವನ ವಿಶ್ವಾಸದ ಲಕ್ಷಣಗಳಿಂದ ಆಸ್ತಿ ಯಾರದೆಂದು ತಿಳಿಯಬೇಕಾಗಿ ಬಂದಿತು. ಸಾರಾಯಿಯಿಂದ ಬಂದ ಹಣದ ಮೂಲ ಎಂಥದೆಂಬ ಪ್ರಶ್ನೆಯಂತೂ ನ್ಯಾಯಾಲಯಕ್ಕೆ ಸಂಬಂಧಪಟ್ಟದ್ದಾಗಿರಲಿಲ್ಲ.

ಮತಾಂತರದಿಂದ ದಾಯದ ಹಕ್ಕು ನಷ್ಟವಾಗಬಾರದೆಂದು 1850ರ 21ನೆಯ ಕಾಯಿದೆ ಆಗಲೇ ವಿಧಿಸಿತ್ತು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ, ನಡೆವಳಿಕೆಯಿಂದ ನ್ಯಾಯವನ್ನು ಊಹಿಸುವ ಅಗತ್ಯ ಬಹುಮಟ್ಟಿಗೆ ತಪ್ಪಿ, ಭಾರತೀಯ ಕ್ರೈಸ್ತರ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು ದೊರೆಯುವಂತಾಯಿತು. ಎಲ್ಲ ಕಡೆಯೂ ಅಲ್ಲ. ಕೊಡಗಿನ ದೇಶೀ ಕ್ರೈಸ್ತರನ್ನು 1868ರಲ್ಲಿ ಅದರಿಂದ ಹೊರಗಿಡಲಾಯಿತು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆ ಮಗಳಿಗೆ ಕೊಟ್ಟದ್ದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ವಿಧವೆಯ ಹಕ್ಕು ಅವಳ ಜೀವಿತಕ್ಕೆ ಸೀಮಿತ, ಮರುಮದುವೆಯಾದರೆ ಅದೂ ಇಲ್ಲ. 1986ರಲ್ಲಿ ಮೇರಿ ರಾಯ್ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಅಲ್ಲಿಗೂ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯವೆಂದು ತೀರ್ಪಿತ್ತಿತು. ಆ ತೀರ್ಪಿಗೆ ವಿರೋಧ ಬಂದದ್ದು ಕ್ರೈಸ್ತ ಸಮಾಜದೊಳಗಿಂದಲೇ. ಚಲ್ಪಹಾದನ ಹೆಣ್ಣುಮಕ್ಕಳ ಕಥೆ ಅವರ ಧರ್ಮಗ್ರಂಥದಲ್ಲಿ ಇಲ್ಲದಿರಲಿಲ್ಲ. ಪಾಲು ಕೇಳಿದ ಸಹೋದರಿಯನ್ನು ಲೋಭಿಯಾಗಿ ಕಾಣುವ ಕಣ್ಣು ಹನ್ನೆರಡನೆಯ ಅಧ್ಯಾಯದ ಆ ಹಳೆಯ, ಅರ್ಧ ಓದಿನಿಂದ ಬಲ ಪಡೆಯುತ್ತದೆ.

ಇನ್ನೊಂದು ಅಂಚಿನಲ್ಲಿ ದಾನದ ಪ್ರಶ್ನೆಯಿದೆ. 1925ರ ಉತ್ತರಾಧಿಕಾರ ಕಾಯಿದೆಯ 118ನೆಯ ಪ್ರಕರಣದ ಮೇರೆಗೆ, ಸೋದರಳಿಯ, ಸೋದರ ಸೊಸೆ ಅಥವಾ ಅವರಿಗಿಂತ ಹತ್ತಿರದ ಸಂಬಂಧಿಗಳಿರುವವನು ಧಾರ್ಮಿಕ ಇಲ್ಲವೇ ಧರ್ಮಾರ್ಥ ಉದ್ದೇಶಕ್ಕೆ ಆಸ್ತಿ ಬಿಡಬೇಕಾದರೆ ಸಾವಿಗೆ ಕನಿಷ್ಠ ಹನ್ನೆರಡು ತಿಂಗಳ ಮುಂಚೆ ಉಯಿಲು ಬರೆದಿರಬೇಕಿತ್ತು. ಮರಣಶಯ್ಯೆಯ ಭಯದಲ್ಲಿ ಸ್ವರ್ಗಕ್ಕೆಂದು ಕೊಟ್ಟು ಮನೆಯವರನ್ನು ಬರಿಗೈ ಮಾಡಬಾರದೆಂಬ ಅನುಮಾನ ಅದರ ಹಿಂದಿತ್ತು. ಈ ನಿರ್ಬಂಧ ವಾಸ್ತವದಲ್ಲಿ ಕ್ರೈಸ್ತರಿಗೆ ಮಾತ್ರ ತಟ್ಟುತ್ತಿದ್ದುದರಿಂದ 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಮಾನತೆಯ ಆಧಾರದ ಮೇಲೆ ಅದನ್ನು ರದ್ದುಮಾಡಿತು. ತೀರ್ಪು ಸರಿಯಾದುದೇ, ಒಂದು ಸಮುದಾಯದ ದಾನಬುದ್ಧಿಯನ್ನು ಮಾತ್ರ ಸಂಶಯಿಸಲು ಕಾರಣವಿರಲಿಲ್ಲ. ಆದರೆ ಆ ಪ್ರಕರಣದ ಹಿಂದಿನ ಅನುಮಾನ ಸುವಾರ್ತೆಗೆ ಅಪರಿಚಿತವಲ್ಲ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದು ಘೋಷಿಸಿ ಅವರ ಪೋಷಣೆಯಿಂದ ಜಾರಿಕೊಳ್ಳುವವರನ್ನು ಮಾರ್ಕನ ಏಳನೆಯ ಅಧ್ಯಾಯದಲ್ಲಿ ಯೇಸು ಕಟುವಾಗಿ ಆಕ್ಷೇಪಿಸುತ್ತಾನೆ. ಕಣಜದಲ್ಲಿ ತುಂಬಿಟ್ಟದ್ದಕ್ಕೆ ಕೇಳಿದ ಲೆಕ್ಕವನ್ನೇ ಅಲ್ಲಿ ದೇವಾಲಯಕ್ಕೆ ಮುಡಿಪಿಟ್ಟದ್ದಕ್ಕೂ ಕೇಳಲಾಗಿದೆ.